ಅವಳು ಕಪ್ಪೆ ಹಿಡಿದರೆ ನೀನು ಎಂತ ಹಿಡಿಯುವುದು?

ಭಾನುವಾರ ಉಡುಪಿಯ ಅಂಬಾಗಿಲಿನ ಹತ್ತಿರ ದೊಡ್ಡಪ್ಪನ ಮಗನ ಮನೆ ಒಕ್ಕಲು. ಎರಡನೇ ಪಂಕ್ತಿಯಲ್ಲಿ ಕೂತಿದ್ದೆ. ಸಾರು ಮುಗಿದು ಗುಳ್ಳದ ಹುಳಿ ಬಂದಿತ್ತು. ಎದುರು ಸಾಲಿನಿಂದ ದೊಡ್ಡಪ್ಪ ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದರು.

"ಅಲ್ಲ ಮಾರಾಯ, ಅವಳು ಕಪ್ಪೆ ಹಿಡಿಯುವುದು ಸರಿ. ನೀನು ಅಲ್ಲಿ ಎಂತ ಹಿಡಿಯುವುದು?"

"ಟಾರ್ಚ್ ಹಿಡಿಯುವುದು ದೊಡ್ಡಪ್ಪ. ಮತ್ತೆ ಬರೆಯುವುದು."

ಪಂಕ್ತಿ ಇಡೀ ನಕ್ಕಿತು. ಹುಳಿ ಬಡಿಸುತ್ತಿದ್ದ ಹುಡುಗನೂ ನಕ್ಕ. ನಾನು ಇನ್ನೂ ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಮಾತು ಹೊಸ ಮನೆಯ ಟೈಲ್ಸಿಗೆ ಹೋಯಿತು.

ಈ ವಾರ ಪೂರ್ತಿ ಅದೇ ಪ್ರಶ್ನೆ ತಲೆಯಲ್ಲಿ ತಿರುಗುತ್ತಿದೆ. ಎಂತ ಹಿಡಿಯುವುದು? ಸ್ನಾನ ಮಾಡುವಾಗ ಒಂದು ಉತ್ತರ ಹೊಳೆಯುತ್ತದೆ, ರಾತ್ರಿ ಮಲಗಿದಾಗ ಇನ್ನೊಂದು. ದೊಡ್ಡಪ್ಪ ಕೆಟ್ಟವರಲ್ಲ. ಅಪ್ಪ ತೀರಿಹೋದಾಗ ನಮ್ಮ ಮನೆ ನಿಂತದ್ದು ಅವರಿಂದಲೇ. ಆದರೆ ನಾನು ಬ್ಯಾಂಕಿನ ಕೆಲಸ ಬಿಟ್ಟು, ಕಪ್ಪೆಗಳ ಸಂಶೋಧನೆ ಮಾಡುವ ಹೆಂಡತಿಯ ಜೊತೆ ಪನಾಮಕ್ಕೆ ಹೋದದ್ದು ಅವರಿಗೆ ಇವತ್ತಿಗೂ ಸಹಿಸಲು ಆಗಿಲ್ಲ. ಅದರಲ್ಲಿ ಆಶ್ಚರ್ಯ ಇಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಊರುಗಳು ಇವು. ಇಲ್ಲಿ ಬ್ಯಾಂಕಿನ ಕುರ್ಚಿ ಬಿಟ್ಟು ಎದ್ದವನನ್ನು ಜನ ವಿಚಿತ್ರವಾಗಿಯೇ ನೋಡುತ್ತಾರೆ. ಅದೂ ಹೆಂಡತಿಯ ಕೆಲಸಕ್ಕಾಗಿ ಎದ್ದ ಅಂದರೆ ಕೇಳುವುದೇ ಬೇಡ.

ಹೆಂಗಸರ ಸಾಲಿನಲ್ಲಿ ಇವಳಿಗೂ ಪ್ರಶ್ನೆ ಬಂದಿತ್ತಂತೆ. ದೊಡ್ಡಮ್ಮ ಕೇಳಿದ್ದು, "ಅಲ್ಲಿ ಅಡುಗೆ ಯಾರು ಮಾಡ್ತಿದ್ದದ್ದು? ಪಾಪ, ಅವನಾ?" ಇವಳು ಹೇಳಿದ್ದು, "ಹೌದು ದೊಡ್ಡಮ್ಮ, ಇವರೇ. ತುಂಬಾ ಚೆನ್ನಾಗಿ ಮಾಡ್ತಾರೆ." ಅದಕ್ಕೂ ಪಾಪವೇ. ಕಾಡಿನಲ್ಲಿ ಏನು ನೋಡಿದೆ, ಏನು ಕಂಡುಹಿಡಿದೆ ಅಂತ ಇಬ್ಬರನ್ನೂ ಒಬ್ಬರೂ ಕೇಳಲಿಲ್ಲ. ನನಗೆ ನೋವಾದದ್ದು ಅದು.

ಹಾಗಾಗಿ ಪಂಕ್ತಿಯಲ್ಲಿ ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಹೇಳುತ್ತೇನೆ.

ನಾವು ಇದ್ದದ್ದು ಗಾಂಬೋವಾ ಎಂಬ ಸಣ್ಣ ಊರಿನಲ್ಲಿ. ಚಾಗ್ರೆಸ್ ನದಿ ಪನಾಮ ಕಾಲುವೆಗೆ ಸೇರುವ ಜಾಗ. ಕಾಲುವೆ 1914ರಲ್ಲಿ ತೆರೆದದ್ದು. ಅದರ ಕೆಲಸದವರಿಗೆ ಕಟ್ಟಿದ ಮರದ ಮನೆಗಳು ಈಗಲೂ ಇವೆ, ಅಂಥದೇ ಒಂದರಲ್ಲಿ ನಮ್ಮ ಬಾಡಿಗೆ. ಅಡುಗೆ ಕೋಣೆಯ ಕಿಟಕಿಯಿಂದ ಮರಗಳ ಮೇಲೆ ಕಂಟೇನರುಗಳ ರಾಶಿ ನಿಧಾನಕ್ಕೆ ಸಾಗುವುದು ಕಾಣುತ್ತಿತ್ತು. ಕೆಳಗೆ ಹಡಗು ಇದೆ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಉಷ್ಣವಲಯ ಸಂಶೋಧನೆಯ ಪ್ರಯೋಗಾಲಯ ಅಲ್ಲೇ ಇದೆ. ಹಾಗಾಗಿ ಅಂಗಡಿಯಲ್ಲಿ ಸಿಗುವವರಲ್ಲಿ ಒಬ್ಬರು ಬಾವಲಿಯವರು, ಒಬ್ಬರು ಇರುವೆಯವರು. ನಾವು ಕಪ್ಪೆಯವರು.

ಅಲ್ಲಿ ಮಳೆ ಮೇ ತಿಂಗಳಿಂದ ಡಿಸೆಂಬರ್‌ವರೆಗೆ. ನಮ್ಮ ಕರಾವಳಿಯ ಮಳೆಯ ಹಾಗೆ ಒಂದೇ ಸಮನೆ ಹೊಡೆಯುವುದಿಲ್ಲ. ಮಧ್ಯಾಹ್ನದ ಮೇಲೆ ಸುರಿದು ಬಿಡುತ್ತದೆ. ಊಟಕ್ಕೆ ನಮಗೆ ಕಷ್ಟ ಆಗಲಿಲ್ಲ. ಕೆರಿಬಿಯನ್ ಕಡೆಯವರು ತೆಂಗಿನಹಾಲಿನಲ್ಲಿ ಅನ್ನ ಮಾಡುತ್ತಾರೆ, ಅದಕ್ಕೆ ತೊಗರಿಕಾಳು ಹಾಕುತ್ತಾರೆ. ಕಾಯಿಬಾಳೆ ಚಪ್ಪಟೆ ಮಾಡಿ ಕರಿಯುತ್ತಾರೆ. ಕುಚ್ಚಲಕ್ಕಿ ಗಂಜಿಯ ಆಸೆ ಮಾತ್ರ ಹೋಗಲೇ ಇಲ್ಲ.

ಇನ್ನು ಕೆಲಸ. ಕಪ್ಪೆಗಳಿಗೆ ಒಂದು ಶಿಲೀಂಧ್ರದ ರೋಗ ಬರುತ್ತದೆ, ಕೈಟ್ರಿಡ್ ಅಂತ. ಚರ್ಮಕ್ಕೆ ಹಿಡಿಯುವುದು. ಚರ್ಮ ತಾನೇ, ಏನು ಮಹಾ ಅನಿಸಬಹುದು. ಆದರೆ ಕಪ್ಪೆ ನೀರು ಕುಡಿಯುವುದು ಚರ್ಮದಿಂದ, ಉಸಿರನ್ನೂ ಸ್ವಲ್ಪ ಚರ್ಮದಿಂದಲೇ ಎಳೆಯುತ್ತದೆ. ಶಿಲೀಂಧ್ರ ಹಿಡಿದರೆ ಮೈಯ ಉಪ್ಪಿನಂಶ ಏರುಪೇರಾಗುತ್ತದೆ. ಕೊನೆಗೆ ಹೃದಯ ನಿಲ್ಲುತ್ತದೆ.

ರಾತ್ರಿ ಹಣೆಗೆ ಲೈಟು ಕಟ್ಟಿಕೊಂಡು ಬೆಟ್ಟದ ತೊರೆಯಲ್ಲಿ ನಡೆಯುವುದು. ಗಂಬೂಟು ಬೇಕೇ ಬೇಕು, ಅಲ್ಲಿಯ ಮಂಡಲದ ಹಾವು ತೊರೆಯ ದಡದಲ್ಲೇ ಸುರುಳಿ ಸುತ್ತಿ ಮಲಗುತ್ತದೆ. ಒಂದು ಕಪ್ಪೆ ಕಂಡರೆ ಇವಳು ಹೊಸ ಕೈಗವಸು ಹಾಕಿ ಹಿಡಿಯುತ್ತಾಳೆ. ಹತ್ತಿಯ ಕಡ್ಡಿಯಿಂದ ಹೊಟ್ಟೆ, ತೊಡೆ, ಬೆರಳಿನ ಸಂದು ಎಲ್ಲಾ ಒರೆಸುತ್ತಾಳೆ. ಕಡ್ಡಿಯನ್ನು ಸಣ್ಣ ಟ್ಯೂಬಿಗೆ ಹಾಕಿ ಮುಚ್ಚುವುದು. ಆಮೇಲೆ ಮೂತಿಯಿಂದ ಹಿಂಭಾಗದವರೆಗೆ ಉದ್ದ ಅಳೆಯುವುದು, ತೂಕ ನೋಡುವುದು, ಇದ್ದಲ್ಲೇ ಬಿಡುವುದು. ಆ ಕೈಗವಸು ಅಲ್ಲಿಗೆ ಮುಗಿಯಿತು. ಅದೇ ಕೈಯಲ್ಲಿ ಮುಂದಿನ ಕಪ್ಪೆ ಮುಟ್ಟಿದರೆ ನಾವೇ ರೋಗ ದಾಟಿಸಿದ ಹಾಗೆ. ಪೆನ್ಸಿಲ್ ಮುಟ್ಟಿದರೂ ಅಷ್ಟೇ.

ನನ್ನ ಕೆಲಸ ಇರುವುದು ಇಲ್ಲಿ. ಕಪ್ಪೆ ಮುಟ್ಟುವ ಕೈ ಬೇರೆ ಇರಬೇಕು, ಬರೆಯುವ ಕೈ ಬೇರೆ ಇರಬೇಕು. ಒಬ್ಬರೇ ಹೋದರೆ ಕೆಲಸ ಆಗುವುದಿಲ್ಲ ಅಂತಲ್ಲ, ನಂಬಲು ಆಗುವುದಿಲ್ಲ. ಮಳೆಗೆ ನೆನೆಯದ ಕಾಗದ ಸಿಗುತ್ತದೆ, ಅದರಲ್ಲಿ ಪೆನ್ಸಿಲಿನಿಂದಲೇ ಬರೆಯುವುದು. ಇವಳು ಹೇಳುತ್ತಾಳೆ, "27.4." ನಾನು ಬರೆದು ಗಟ್ಟಿಯಾಗಿ ಓದಿ ಹೇಳುತ್ತೇನೆ, "27.4." ಅವಳು "ಹ್ಞಾಂ" ಅಂದ ಮೇಲೆ ಮುಂದಿನದು. ಬ್ಯಾಂಕಿನಲ್ಲಿ ಕ್ಯಾಶ್ ಎಣಿಸುವಾಗ ಕಲಿತ ಅಭ್ಯಾಸ ಅದು. ಪ್ರತಿ ಹಾಳೆಯ ಮೇಲೆ ಎರಡು ಗೆರೆ ಇರುತ್ತದೆ. ಒಂದರಲ್ಲಿ ಅಳೆದವರ ಹೆಸರು, ಇನ್ನೊಂದರಲ್ಲಿ ಬರೆದವರ ಹೆಸರು. ಎರಡೂ ತುಂಬದ ಹಾಳೆಯನ್ನು ಇವಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಬರೆದು ಯಾರಿಗೆ ಏನಾಗಬೇಕು? ಎಲ್ ಕೊಪೆ ಅಂತ ಪನಾಮದ ಬೆಟ್ಟದಲ್ಲಿ ಒಂದು ಜಾಗ ಇದೆ. ಕ್ಯಾರೆನ್ ಲಿಪ್ಸ್ ಎಂಬ ವಿಜ್ಞಾನಿ 1996-97ರಲ್ಲಿ ಪಶ್ಚಿಮ ಪನಾಮದ ಫೋರ್ಟುನಾದಲ್ಲಿ ಕಪ್ಪೆಗಳು ಸಾಯುವುದನ್ನು ನೋಡಿದ್ದರು. ರೋಗ ಪೂರ್ವಕ್ಕೆ ಸರಿಯುತ್ತಾ ಬರುತ್ತದೆ ಅಂತ ಅವರಿಗೆ ಅನಿಸಿತು. ಅದಕ್ಕೇ ಎಲ್ ಕೊಪೆಯಲ್ಲಿ ಎಲ್ಲವೂ ಚೆನ್ನಾಗಿರುವಾಗಲೇ ಎಣಿಸಲು ಶುರು ಮಾಡಿದರು. ವರ್ಷಗಟ್ಟಲೆ ಎಣಿಸಿದರು. 2004ರಲ್ಲಿ ರೋಗ ಬಂದೇ ಬಂತು. ಆಮೇಲೆ ಹಳೆಯ ಪಟ್ಟಿ, ಜೋಪಾನ ಮಾಡಿದ್ದ ಮಾದರಿಗಳು ಎಲ್ಲಾ ಸೇರಿಸಿ ನೋಡಿದರು. ಅಲ್ಲಿದ್ದ 74 ಜಾತಿಗಳಲ್ಲಿ 30 ಇಲ್ಲ. ಆ 30ರಲ್ಲಿ 5ಕ್ಕೆ ಇನ್ನೂ ಹೆಸರೇ ಇಟ್ಟಿರಲಿಲ್ಲ. 2010ರಲ್ಲಿ ಇದು ಪ್ರಕಟವಾಯಿತು.

ಆ ಐದು ನನ್ನನ್ನು ಬಿಡುವುದಿಲ್ಲ. ಯಾರೋ ಒಬ್ಬರು ಮಳೆಯಲ್ಲಿ ನಿಂತು ಬರೆದಿಟ್ಟರು, ಅದಕ್ಕೇ ಅವು ಇದ್ದವು ಅಂತಾದರೂ ನಮಗೆ ಗೊತ್ತು. ಬರೆಯದೆ ಇದ್ದಿದ್ದರೆ? ಹುಟ್ಟಿಯೇ ಇರಲಿಲ್ಲ ಅನ್ನುವ ಹಾಗೆ ಹೋಗಿಬಿಡುತ್ತಿದ್ದವು ಅಲ್ವಾ?

ಕೆಲವು ರಾತ್ರಿ ಇಡೀ ತೊರೆ ನಡೆದರೂ ಹುಡುಕುತ್ತಿದ್ದ ಜಾತಿಯ ಒಂದೂ ಸಿಗುವುದಿಲ್ಲ. ಆಗ ಬರೆಯುವುದು ಸೊನ್ನೆ. ಸುಮ್ನೆ ಖಾಲಿ ಬಿಡುವ ಹಾಗಿಲ್ಲ. ಖಾಲಿ ಬಿಟ್ಟರೆ ಯಾರೂ ನೋಡಲಿಲ್ಲ ಅಂತ ಅರ್ಥ. ಸೊನ್ನೆ ಹಾಕಿದರೆ ನೋಡಿದೆವು, ಇರಲಿಲ್ಲ ಅಂತ ಅರ್ಥ. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಸಾಲಿಗೆ ಸಾಲು ಸೊನ್ನೆ ಬರೆಯುವುದು ಎಷ್ಟು ಭಾರ ಅಂತ ಹೇಳಿದರೆ ತಿಳಿಯುವುದಿಲ್ಲ. ಅಂಥ ರಾತ್ರಿ ಇವಳು ಮಾತಾಡುವುದಿಲ್ಲ. ನಾನೂ ಮಾತಾಡುವುದಿಲ್ಲ. ಮನೆಗೆ ಬಂದು ಬೂಟಿನ ಮಣ್ಣು ಉಜ್ಜಿ, ಬ್ಲೀಚ್ ನೀರಿನಲ್ಲಿ ಅದ್ದಿ, ಬಿಸಿ ಅನ್ನಕ್ಕೆ ಉಪ್ಪಿನಕಾಯಿ ಹಾಕಿ ಕೊಟ್ಟರೆ ಮಾತು ಬರುತ್ತದೆ. ಗಂಡ ಹೆಂಡತಿ ಅಂತ ನಾವು ಹತ್ತಿರ ಆದದ್ದು ಮದುವೆ ಮಂಟಪದಲ್ಲಲ್ಲ, ಆ ಅಡುಗೆ ಕೋಣೆಯಲ್ಲಿ ಅಂತ ನನಗೆ ಈಗ ಅನಿಸುತ್ತದೆ. ಜಗಳವೂ ಆಗುತ್ತಿತ್ತು. ಅದು ಬೆಳಕು ಸರಿ ಹಿಡಿಯಲಿಲ್ಲ ಅಂತಲೋ, ಅಂಕಿ ಬೇಗ ಬೇಗ ಹೇಳಿದೆ ಅಂತಲೋ. ಊರಲ್ಲಿ ಆಗುವ ಜಗಳಗಳಿಗಿಂತ ಅದು ಎಷ್ಟೋ ಒಳ್ಳೆಯದು.

ಖುಷಿಯ ಸುದ್ದಿಯೂ ಇದೆ. ಕೆಲವು ಜಾತಿಗಳು ಮತ್ತೆ ಕಾಣಿಸುತ್ತಿವೆ. ಶಿಲೀಂಧ್ರ ಏನೂ ಸಾಧು ಆಗಿಲ್ಲ, ಉಳಿದ ಕಪ್ಪೆಗಳ ಚರ್ಮದ ರಸವೇ ಮೊದಲಿಗಿಂತ ಗಟ್ಟಿಯಾಗಿ ತಡೆಯುತ್ತಿರಬಹುದು ಅಂತ 2018ರ ಒಂದು ಸಂಶೋಧನೆ ಹೇಳಿತು. ಹಳೆಯ ಹಾಳೆಗಳು ಇದ್ದದ್ದಕ್ಕೆ ಅದನ್ನು ಹೇಳಲು ಆಯಿತು. ಪನಾಮದ ಚಿನ್ನದ ಬಣ್ಣದ ಕಪ್ಪೆಗೆ ಆ ಅದೃಷ್ಟ ಇಲ್ಲ. ಲಾಟರಿ ಟಿಕೆಟಿನ ಮೇಲೆ ಅದರ ಚಿತ್ರ ಬರುತ್ತದೆ, ಆಗಸ್ಟ್ 14 ಅದರ ದಿನ ಅಂತ ದೇಶವೇ ಆಚರಿಸುತ್ತದೆ. ಕಾಡಿನಲ್ಲಿ ಮಾತ್ರ ಅದು ಸಿಗುವುದಿಲ್ಲ ಅಂತಲೇ ಹೇಳಬೇಕು. ಇರುವವು ಹೆಚ್ಚಾಗಿ ಸಾಕಣೆ ಕೇಂದ್ರಗಳ ಗಾಜಿನ ಪೆಟ್ಟಿಗೆಗಳಲ್ಲಿ.

ದೊಡ್ಡಪ್ಪನಿಗೆ ನಾನು ನಿಜವಾಗಿ ಹೇಳಬೇಕಿದ್ದದ್ದು ಮಲೇರಿಯಾದ ವಿಷಯ. ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಅವರಿಗೆ ಎರಡೆರಡು ಸಲ ಬಂದಿತ್ತು. ಆ ಚಳಿ ಜ್ವರ ಅವರಿಗೆ ಇನ್ನೂ ನೆನಪಿದೆ, ಮಂಗಳೂರಿನವರಿಗೆ ಅದನ್ನು ಯಾರೂ ವಿವರಿಸಬೇಕಾಗಿಯೂ ಇಲ್ಲ. ಕೋಸ್ಟರಿಕಾ ಮತ್ತು ಪನಾಮದಲ್ಲಿ ಕಪ್ಪೆಗಳು ಸತ್ತ ಮೇಲಿನ ವರ್ಷಗಳಲ್ಲಿ ಮಲೇರಿಯಾ ಏರಿತ್ತು ಅಂತ 2022ರಲ್ಲಿ ಒಂದು ಅಧ್ಯಯನ ಬಂತು. ಸೊಳ್ಳೆಯನ್ನೂ ಅದರ ಮರಿಯನ್ನೂ ತಿನ್ನುವವರು ಇಲ್ಲವಾದರೆ ಇನ್ನೇನಾಗಬೇಕು? ಎಲ್ ಕೊಪೆಯಲ್ಲಿ ಹಾವುಗಳೂ ಕಡಿಮೆಯಾದವು ಅಂತ 2020ರಲ್ಲಿ ತಿಳಿಯಿತು. ಕಪ್ಪೆ ತಿಂದು ಬದುಕುವ ಹಾವು ಮತ್ತೇನು ತಿನ್ನಬೇಕು? ಇದನ್ನು ಕೇಳಿದ್ದರೆ ದೊಡ್ಡಪ್ಪ ನಗುತ್ತಿರಲಿಲ್ಲ. ಅವರು ಕೇಳುವ ಸ್ವಭಾವದವರೇ. ಪಂಕ್ತಿಯಲ್ಲಿ ನಾಲ್ಕು ಜನರ ಎದುರು ಕೂತಾಗ ಮಾತ್ರ ಬೇರೆ ಮನುಷ್ಯ.

ಕಪ್ಪೆಗೋಸ್ಕರ ಅಷ್ಟು ದೂರ ಯಾಕೆ, ಇಲ್ಲಿ ಕಪ್ಪೆ ಇಲ್ವಾ ಅಂತ ಕೈ ತೊಳೆಯುವಲ್ಲಿ ಒಬ್ಬರು ಕೇಳಿದರು. ಆ ಪ್ರಶ್ನೆ ನನಗೆ ಇಷ್ಟವಾಯಿತು. ಇಲ್ಲಿ ಇದೆ, ಅದೂ ಎಂಥೆಂಥದ್ದು! 2009ರಲ್ಲಿ ಮಂಗಳೂರಿನ ಪಕ್ಕದಿಂದ ಒಂದು ಹೊಸ ಕಪ್ಪೆ ಲೋಕಕ್ಕೆ ಗೊತ್ತಾಯಿತು. ಸಂತ ಅಲೋಶಿಯಸ್ ಕಾಲೇಜಿನ ಹೆಸರನ್ನೇ ಅದಕ್ಕೆ ಇಟ್ಟರು. 2018ರಲ್ಲಿ ಇನ್ನೊಂದು, ಬೆರಳ ತುದಿಯಷ್ಟು ಸಣ್ಣದು. ಕೊಡಿಯಾಲ ಅಂದರೆ ಮಂಗಳೂರು ತಾನೇ, ಹಾಗಾಗಿ ಮೈಕ್ರೊಹೈಲಾ ಕೊಡಿಯಾಲ್. ಅದು ಸಿಕ್ಕಿದ್ದು ದಟ್ಟ ಕಾಡಿನಲ್ಲಲ್ಲ, ಕಾರ್ಖಾನೆಗಳ ನಡುವೆ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ. ಲಾರಿಗಳು ಓಡಾಡುವ ಕಡೆ ಯಾರೋ ರಾತ್ರಿ ಬಗ್ಗಿ ಕಿವಿಗೊಟ್ಟಿದ್ದಾರೆ. ಅವರ ಪಕ್ಕದಲ್ಲಿ ಖಂಡಿತ ಯಾರೋ ಟಾರ್ಚ್ ಹಿಡಿದಿದ್ದಾರೆ.

ಬುಧವಾರ ರಾತ್ರಿ ಮೊದಲ ದೊಡ್ಡ ಮಳೆ ಬಂತು. ಗುರುವಾರ ಅಮ್ಮ ಹಪ್ಪಳಕ್ಕೆ ಹಲಸಿನಕಾಯಿ ತರಿಸಿದ್ದರು. ನಾನು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕೊಯ್ಯುತ್ತಿದ್ದೆ. ಮೇಣ ಮೊಣಕೈವರೆಗೆ. ಅಮ್ಮ ಸೊಳೆ ಬಿಡಿಸುತ್ತಾ ಸುಮ್ಮನೆ ಎಂಬಂತೆ ಹೇಳಿದರು, "ನಿನ್ನೆ ಕೂಗಿದ್ದು ಗೋಂಕುರು ಕಪ್ಪೆ ಅಲ್ಲ. ಅದು ಪತ್ತನಾಜೆ ಕಳೆದು ಎರಡು ಮಳೆ ಬೀಳದೆ ಕೂಗುವುದಿಲ್ಲ." ಪತ್ತನಾಜೆ ಅಂದರೆ ತುಳು ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಗೆ ಬರುವುದು.

ಇವಳು ತಕ್ಷಣ ಪುಸ್ತಕ ತಂದಳು. ನನ್ನ ಕೈ ಮೇಣ, ಅಮ್ಮನ ಕೈಯೂ ಮೇಣ. ಈ ಸಲ ಬರೆದದ್ದು ಇವಳು.

ಅಮ್ಮ ಹೇಳುತ್ತಾ ಹೋದರು. ಗೋಂಕುರು ಕಪ್ಪೆಯ ಗಂಡು ಆ ಹೊತ್ತಿಗೆ ಅರಿಶಿನದ ಬಣ್ಣಕ್ಕೆ ತಿರುಗುವುದು. ಬಾವಿಕಟ್ಟೆಯ ಗೋಡೆಗೆ ಬಿಳಿ ನೊರೆಯ ಗೂಡು ಕಟ್ಟುವುದು ಬೇರೆ ಕಪ್ಪೆ, ಅದು ಮನೆಯೊಳಗೂ ಬರುತ್ತಿತ್ತು. ಗದ್ದೆ ಹಡಿಲು ಬಿದ್ದ ಮೇಲೆ ಒಂದೆರಡು ಸ್ವರ ನಿಂತೇ ಹೋದವು. ಇವಳು ಒಂದೊಂದನ್ನೂ ಓದಿ ಹೇಳಿದಳು. ಒಂದು ಕಡೆ ಅಮ್ಮ ತಡೆದರು. "ಆ ವರ್ಷ ಅಲ್ಲ ಮಗಾ. ಅದರ ಹಿಂದಿನ ವರ್ಷ. ಸಣ್ಣ ಮಗಳ ಮದುವೆ ಆದದ್ದು ಆಗಲೇ." ಇವಳು ಗೆರೆ ಎಳೆದು ತಿದ್ದಿದಳು.

"ಇದೆಲ್ಲ ನನಗಿಂತ ನೇಜಿ ನೆಡಲು ಬರುತ್ತಿದ್ದ ಹೆಂಗಸರಿಗೆ ಜಾಸ್ತಿ ಗೊತ್ತು" ಅಂದರು ಅಮ್ಮ. "ನಾವು ಮನೆಯೊಳಗೆ ಕೂತು ಕೇಳಿದ್ದು. ಅವರು ಕತ್ತಲಾದ ಮೇಲೆ ಗದ್ದೆಯ ಅಂಚಿನಲ್ಲೇ ನಡೆದು ಹೋಗುತ್ತಿದ್ದದ್ದು."

ಅವರಲ್ಲಿ ಇಬ್ಬರು ಇನ್ನೂ ಊರಲ್ಲೇ ಇದ್ದಾರೆ. ಬರುವ ವಾರ ಇಬ್ಬರೂ ಹೋಗಿ ಮಾತಾಡಿಸುತ್ತೇವೆ, ಅವರು ಒಪ್ಪಿದರೆ ಜೂನಿನಲ್ಲಿ ಅವರ ಜೊತೆಯೇ ರಾತ್ರಿ ಗದ್ದೆಗೆ ಇಳಿಯುವುದು ಅಂತ ಆಗಿದೆ. ಹಾಳೆಯ ಮೇಲೆ ಈಗ ಮೂರು ಗೆರೆ. ಅಳೆದವರು, ಬರೆದವರು, ತೋರಿಸಿಕೊಟ್ಟವರು. ಮೂರನೆಯದನ್ನು ಇವಳು ಎಲ್ಲಕ್ಕಿಂತ ಮೇಲೆ ಹಾಕಿದ್ದಾಳೆ.