ಅಟ್ಟದ ಮೇಲಿದ್ದ ಸಿಲಬಸ್

ಅಪ್ಪ ಹಾಸನದ ಮನೆಯ ಅಟ್ಟ ಹತ್ತಿ ನನ್ನ ಹಳೇ ಸಿಲಬಸ್ ಪುಸ್ತಕ ಹುಡುಕಿದರು. ಒಂದೊಂದೇ ಪುಟದ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಆಗ ನಾನು ಬರ್ಮಿಂಗ್‌ಹ್ಯಾಮ್‌ಗೆ ಬಂದು ಆರು ತಿಂಗಳು. ಬೆಂಗಳೂರಿನಲ್ಲಿ ಐದು ವರ್ಷ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಎರಡನ್ನೂ ತೆಗೆಯುವ ಕೆಲಸ ಮಾಡಿದವಳು ಇಲ್ಲಿ ಮನೆಯಲ್ಲಿ ಕೂತಿದ್ದೆ.

ಬ್ರಿಟನ್‌ನಲ್ಲಿ ರೋಗ ಪತ್ತೆಗೆ ಎಕ್ಸ್‌ರೇ, ಸ್ಕ್ಯಾನ್ ತೆಗೆಯುವವರ 'ಡಯಾಗ್ನೊಸ್ಟಿಕ್ ರೇಡಿಯೋಗ್ರಾಫರ್' ಎಂಬ ಹೆಸರಿಗೇ ಕಾನೂನಿನ ಕಾವಲಿದೆ. ಇಂಥ ವೃತ್ತಿಯವರನ್ನು ನೋಂದಾಯಿಸುವ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್, ಅಂದರೆ ಎಚ್‌ಸಿಪಿಸಿಯಲ್ಲಿ ನೋಂದಣಿ ಆಗದೆ ಆ ಹೆಸರಿನಲ್ಲಿ ಕೆಲಸ ಮಾಡುವ ಹಾಗಿಲ್ಲ. ಹೊರದೇಶದಲ್ಲಿ ಓದಿದವರ ಅರ್ಜಿಯನ್ನು ಇದೇ ವೃತ್ತಿಯವರು ಕೂತು ನೋಡುತ್ತಾರೆ. ಇಲ್ಲಿ ಓದಿ ಹೊರಬರುವವರಿಗೆ ಏನೇನು ಗೊತ್ತಿರಬೇಕೋ ಅದೆಲ್ಲ ನಮಗೂ ಗೊತ್ತಿದೆಯಾ ಎಂದು ಹೋಲಿಸುತ್ತಾರೆ. ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಭಾಷಾ ಪರೀಕ್ಷೆ ಬರೆದರೆ ಒಟ್ಟು 7 ಬರಬೇಕು, ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ನನಗೆ ಮೊದಲ ಸಲ ರೈಟಿಂಗ್‌ನಲ್ಲಿ 6 ಬಂತು. ಇನ್ನೊಂದು ಸಲ ಬರೆದೆ.

ಜಾಸ್ತಿ ಕಾಡಿದ್ದು ಕೋರ್ಸ್ ಮಾಹಿತಿಯ ಫಾರಂ. ಏನು ಪಾಠ ಮಾಡಿದರು, ಎಷ್ಟು ಗಂಟೆ, ಆಸ್ಪತ್ರೆಯಲ್ಲಿ ಎಷ್ಟು ತರಬೇತಿ, ಇದನ್ನೆಲ್ಲ ಕಾಲೇಜಿನವರೇ ತುಂಬಿ ಸೀಲ್ ಹಾಕಬೇಕು. ನಾನು ಓದಿದ ಕಡೆ ಹಳೇ ಸಿಬ್ಬಂದಿ ಯಾರೂ ಉಳಿದಿರಲಿಲ್ಲ. ಸಿಲಬಸ್ ಪ್ರತಿ ಅವರ ಬಳಿಯೇ ಇರಲಿಲ್ಲ! ಅಪ್ಪ ಅಟ್ಟ ಹತ್ತಿದ್ದು ಅದಕ್ಕೇ. ಆಮೇಲೆ ಆ ಹಾಳೆಗಳನ್ನು ಹಿಡಿದುಕೊಂಡು ನಾಲ್ಕು ಸಲ ಕಾಲೇಜಿಗೂ ಹೋಗಿ ಬಂದರು.

ಅರ್ಜಿಯಲ್ಲಿ ನನ್ನ ಅನುಭವದ ಬಗ್ಗೆ ಬರೆಯುವಾಗ ಉಪಯೋಗಿಸಿದ ಮೆಷಿನ್‌ಗಳ ಪಟ್ಟಿ ಕೊಟ್ಟಿದ್ದೆ. ಹಿಂದೆ ಮಂಗಳೂರಿನಲ್ಲಿ ಕೆಲಸ ಮಾಡಿ ಈಗ ಇಲ್ಲಿ ಸೀನಿಯರ್ ಆಗಿರುವ ಅಕ್ಕ ಒಬ್ಬರು ಅದನ್ನು ಓದಿದರು. "ಮೆಷಿನ್ ಬಿಡು ಮಾರಾಯ್ತಿ, ನೀನು ಏನು ಯೋಚನೆ ಮಾಡಿದೆ ಅಂತ ಬರಿ" ಅಂದರು.

ಆಗ ಒಂದು ರಾತ್ರಿ ಡ್ಯೂಟಿ ನೆನಪಾಯಿತು. ಹೊಟ್ಟೆಯ ಸಿಟಿಗೆ ಬಂದ ಹುಡುಗಿ. ಮುಟ್ಟು ಯಾವಾಗ ಆಯ್ತು ಎಂದು ಕೇಳಿದರೆ ಅಮ್ಮನ ಮುಖ ನೋಡಿದಳು. ಅಮ್ಮನನ್ನು ಹೊರಗೆ ಕೂರಿಸಿ ಮತ್ತೆ ಕೇಳಿದೆ. ತಿಂಗಳು ಮೀರಿತ್ತು. ಗರ್ಭಿಣಿಯಾಗಿದ್ದರೆ ವಿಕಿರಣ ತಾಗಬಾರದೆಂದು ಸ್ಕ್ಯಾನ್ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮೊದಲು ಅಲ್ಟ್ರಾಸೌಂಡ್ ಮಾಡಿಸಿದರು. ಯಾಕೆ ನಿಲ್ಲಿಸಿದೆ, ಯಾರಿಗೆ ಹೇಳಿದೆ, ಎಲ್ಲ ಬರೆದೆ. ಅವಳ ಗುರುತು ಸಿಗುವಂಥದ್ದು ಏನನ್ನೂ ಬರೆಯಲಿಲ್ಲ.

ಆ ಅಕ್ಕ ಹೇಳಿದ್ದು ಎಷ್ಟು ಸರಿ ಎಂದು ನೋಂದಣಿ ಸಿಕ್ಕಿ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಇಲ್ಲಿ ವಿಕಿರಣದ ಬಳಕೆಗೆ 2017ರ ನಿಯಮಾವಳಿ ಇದೆ. ಪ್ರತಿ ಎಕ್ಸ್‌ರೇಗೂ ತಕ್ಕ ಕಾರಣ ಇರಬೇಕು, ಚಿತ್ರ ತೆಗೆದವರು ತಾವು ಮಾಡಿದ ಕೆಲಸಕ್ಕೆ ಹೊಣೆ. ಮೊದಲ ವಾರವೇ ಒಬ್ಬ ಅಜ್ಜ ಬಂದರು. ಚೀಟಿಯಲ್ಲಿ ಬಲ ಮಣಿಕಟ್ಟು, ಊದಿದ್ದು ಎಡದ್ದು. ಹೆಸರು, ಹುಟ್ಟಿದ ದಿನ, ವಿಳಾಸ ಅವರ ಬಾಯಿಂದಲೇ ಕೇಳಿಕೊಂಡೆ. ಆಮೇಲೆ ಚೀಟಿ ಬರೆದವರಿಗೆ ಫೋನ್ ಮಾಡಿದೆ. ಅವರು ಥ್ಯಾಂಕ್ಸ್ ಹೇಳಿ ತಿದ್ದಿ ಕಳಿಸಿದರು. 'ಬರೆದದ್ದನ್ನು ಸುಮ್ನೆ ತೆಗಿ' ಎಂದು ಯಾರೂ ಗದರಲಿಲ್ಲ. ನನಗೆ ಅದು ದೊಡ್ಡ ವಿಷಯ.

ನೋಂದಣಿ ಸಿಕ್ಕಿದರೆ ವೀಸಾ ಸಿಕ್ಕಿದಂತಲ್ಲ, ಅದರ ದಾರಿಯೇ ಬೇರೆ. ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ 2.5% ಜನರನ್ನು ಆರಿಸಿ, ಕಲಿಕೆ ಮುಂದುವರಿಸಿದ್ದಕ್ಕೆ ದಾಖಲೆ ಕೇಳುತ್ತಾರೆ.

ಈಗ ಇಂಟರ್ನ್‌ಶಿಪ್‌ನಲ್ಲಿರುವ ತಂಗಿ ತಮ್ಮಂದಿರೇ, ಹೊರದೇಶದ ಆಸೆ ಇದ್ದರೆ ಕಾಲೇಜು ಬಿಡುವ ಮೊದಲೇ ಸೀಲ್ ಹಾಕಿದ ಸಿಲಬಸ್ ಪ್ರತಿ ತೆಗೆದುಕೊಳ್ಳಿ. ಗಂಟೆಗಳ ಲೆಕ್ಕವನ್ನೂ ಬರೆಸಿಕೊಳ್ಳಿ. ತರಬೇತಿಯಲ್ಲಿ ಮಾಡಿದ್ದನ್ನು ಬರೆದಿಟ್ಟ ಲಾಗ್‌ಬುಕ್ ಎಸೆಯಬೇಡಿ. ನಾನು ರೂಮು ಖಾಲಿ ಮಾಡುವಾಗ ರದ್ದಿಗೆ ಹಾಕಿದ್ದೆ.