ಐದಕ್ಕೆ ಐದು

ಹಳೆಯ ಉತ್ತರ ಪತ್ರಿಕೆಗಳನ್ನು ಕಟ್ಟಿ ಅಲಮಾರಿಯ ಮೇಲಿಡುವಾಗ ಐದನೆಯ ತರಗತಿಯ ಹುಡುಗಿಯೊಬ್ಬಳ ಎರಡು ಹಾಳೆಗಳು ಒಟ್ಟಿಗೇ ಕೈಗೆ ಬಂದವು. ಎರಡರಲ್ಲೂ ಒಂದೇ ಪ್ರಶ್ನೆ: ‘ದೀಪಾವಳಿಯ ಬಗ್ಗೆ ಐದು ವಾಕ್ಯ ಬರೆಯಿರಿ.’ ಎರಡನ್ನೂ ತಿದ್ದಿದವಳು ನಾನೇ.

ಮೊದಲನೆಯದು ಹಬ್ಬ ಮುಗಿದ ಹೊಸತರಲ್ಲಿ ಬರೆದದ್ದು. ‘ರಾತ್ರಿ ದೀಪ ಹಿಡಿದು ನಾಯಕರ ಮನೆಗೆ ಹೋಗುತ್ತೇವೆ. ಆಮೇಲೆ ಎಲ್ಲರ ಮನೆಗೆ ಹೋಗುತ್ತೇವೆ. ಮೇರಾ ಹೇಳುತ್ತೇವೆ. ಯಾಡಿ ರೊಕ್ಕ ಕೊಡುತ್ತಾಳೆ. ಬೆಳಿಗ್ಗೆ ಹೂ ತರಲು ಅಡವಿಗೆ ಹೋಗುತ್ತೇವೆ.’ ‘ಯಾಡಿ’ಗೆ ಕೆಂಪು ಗೆರೆ ಎಳೆದು ಮೇಲೆ ‘ತಾಯಿ’ ಎಂದು ಬರೆದಿದ್ದೇನೆ. ‘ಮೇರಾ’ ಎಂದರೆ ಆ ರಾತ್ರಿ ಲಂಬಾಣಿ ಹುಡುಗಿಯರು ಮನೆಮನೆಯಲ್ಲಿ ಹೇಳುವ ಹಾರೈಕೆ; ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಐದಕ್ಕೆ ಎರಡು.

ಎರಡನೆಯದು ಮಾರ್ಚ್ ತಿಂಗಳದ್ದು. ‘ದೀಪಾವಳಿಯು ಬೆಳಕಿನ ಹಬ್ಬವಾಗಿದೆ. ಹಿಂದಿನ ದಿನ ಹಂಡೆಗೆ ನೀರು ತುಂಬುತ್ತಾರೆ. ನಸುಕಿನಲ್ಲಿ ಎಣ್ಣೆ ಸ್ನಾನ ಮಾಡುತ್ತಾರೆ...’ ಯಾವುದೋ ಗೈಡಿನಿಂದ ಉರು ಹೊಡೆದದ್ದು. ಐದಕ್ಕೆ ಐದು ಕೊಟ್ಟು ‘ಉತ್ತಮ’ ಎಂದೂ ಬರೆದಿದ್ದೇನೆ. ನವೆಂಬರಿನಲ್ಲಿದ್ದ ‘ಹೋಗುತ್ತೇವೆ’ ಮಾರ್ಚ್ ಹೊತ್ತಿಗೆ ‘ಮಾಡುತ್ತಾರೆ’ ಆದದ್ದು ಆಗ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ನಾನು ಧಾರವಾಡದ ಕಡೆಯವಳು. ಕೆಲಸ ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾದ ಶಾಲೆಯಲ್ಲಿ. ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು ನೀರು ತುಂಬುವುದು ನಮ್ಮ ಮನೆಯ ಹಬ್ಬ. ಆ ಹುಡುಗಿಯ ಮನೆಯಲ್ಲಿ ಹಂಡೆಯಿಡುವ ಬಚ್ಚಲೇ ಇಲ್ಲ. ಓಣಿಗೆಲ್ಲ ನೀರಿನ ಒಂದು ಕಿರು ಟ್ಯಾಂಕು. ಮಾದರಿ ಉತ್ತರವನ್ನು ನಾನು ನನ್ನ ಬಾಲ್ಯದಿಂದ ತೆಗೆದುಕೊಂಡಿದ್ದೆ. ಯಾವ ಸುತ್ತೋಲೆಯೂ ಹಾಗೆ ಮಾಡೆಂದು ಹೇಳಿರಲಿಲ್ಲ. 2022ರಲ್ಲಿ ಪಠ್ಯದಿಂದ ಯಾವ ಪಾಠ ಹೋಯಿತು, 2023ರಲ್ಲಿ ಯಾವುದು ಮರಳಿತು ಎಂದು ಶಿಕ್ಷಕರ ಕೋಣೆಯಲ್ಲಿ ನಾವು ಗಂಟಲು ಹರಿದುಕೊಂಡೆವು. ನಮ್ಮ ಕೆಂಪು ಪೆನ್ನಿನ ಪರಿಷ್ಕರಣೆಗೆ ಮಾತ್ರ ಯಾವ ಸಮಿತಿಯೂ ಬರುವುದಿಲ್ಲ.

ಹಾಗೆಂದು ಮೇಲಿನವರದ್ದೇನೂ ತಪ್ಪಿಲ್ಲವೆಂದಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ಅನುಕೂಲ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 2011ರ ಜನಗಣತಿಯಾದರೋ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸಿದೆ. ಈ ಲೆಕ್ಕದಲ್ಲಿ ನಮ್ಮ ತಾಂಡಾದ ಮಕ್ಕಳ ತಾಯಿನುಡಿ ಹಿಂದಿ! ಹಿಂದಿ ಪುಸ್ತಕ ಕೈಗೆ ಕೊಟ್ಟರೆ ಅವರು ನನ್ನ ಮುಖ ನೋಡುತ್ತಾರೆ.

ಶಾಲೆಯಲ್ಲಿ ಲಂಬಾಣಿಗೆ ಜಾಗ ಇಲ್ಲವೇ ಎಂದರೆ, ಇದೆ: ವರ್ಷಕ್ಕೊಮ್ಮೆ, ಗ್ಯಾದರಿಂಗ್‌ನಲ್ಲಿ. ಕನ್ನಡಿ ಹಚ್ಚಿದ ಲಂಗಗಳನ್ನು ಬಾಡಿಗೆಗೆ ತರಿಸಿ ಕುಣಿಸುತ್ತೇವೆ. ಕಸೂತಿ ಬಲ್ಲ ಅಜ್ಜಿಯರಿರುವ ತಾಂಡಾಕ್ಕೆ ಪೇಟೆಯಿಂದ ಬಾಡಿಗೆ ಲಂಗ.

ಇದನ್ನೆಲ್ಲ ಪಾಲಕರಿರುವ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತುಸು ಉತ್ಸಾಹದಿಂದಲೇ ಹೇಳಿದೆ. ಪಾಠದ ನಡುವೆ ಲಂಬಾಣಿ ಮಾತೂ ಬರಲಿ ಎಂದೆ. ಒಬ್ಬ ತಂದೆ ಎದ್ದು ನಿಂತರು. “ಅಕ್ಕೋರೇ, ನಮ್ಮ ಮಾತು ಮನೆಯಲ್ಲಿ ಹೇಗೂ ಬರುತ್ತದೆ. ನೀವು ಕನ್ನಡ ಕಲಿಸಿರಿ, ಇಂಗ್ಲಿಷ್ ಕಲಿಸಿರಿ. ಕಬ್ಬಿನ ಗ್ಯಾಂಗಿನ ಮುಂಗಡಕ್ಕೆ ಎಲ್ಲಿ ಹೆಬ್ಬೆಟ್ಟು ಒತ್ತಿದೆ ಎಂಬುದು ನನಗೇ ಗೊತ್ತಿಲ್ಲ. ನನ್ನ ಮಗ ಅದನ್ನು ಓದಲಿ.” ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಒಂದನೆಯ ತರಗತಿಯ ಮಗುವಿಗೆ ‘ಪಾಣಿ’ಯಿಂದ ‘ನೀರಿ’ಗೆ ದಾಟಿಸುವವರೇ ಇಲ್ಲದಿದ್ದರೆ ಅದು ಮೂರನೆಯ ತರಗತಿಯವರೆಗೂ ತುಟಿ ಬಿಚ್ಚದೆ ಕೂತಿರುತ್ತದೆ, ಅಂಥ ಮಕ್ಕಳನ್ನು ನಾನೇ ‘ಮಂದ’ ಎಂದು ಬರೆದಿದ್ದೇನೆ. ದಾಟುವುದು ಕನ್ನಡಕ್ಕೇ. ಅಷ್ಟು ಹೇಳಿ ಕೂತೆ. ಅವರು ಒಪ್ಪಿದರೋ ಇಲ್ಲವೋ, ಗೋಣು ಹಾಕಿದರು.

ಆ ಹುಡುಗಿ ಈಗ ಪಕ್ಕದ ಊರಿನ ಶಾಲೆಯಲ್ಲಿ ಆರನೆಯ ತರಗತಿ. ಕಳೆದುಹೋದ ಮೂರು ಅಂಕಗಳನ್ನು ಕೊಡಲು ದಾರಿಯಿಲ್ಲ. ಈ ವರ್ಷ ಪ್ರಶ್ನೆಯನ್ನೇ ಬದಲಿಸಿದೆ: ‘ದೀಪಾವಳಿಯ ದಿನ ನಿಮ್ಮ ಮನೆಯಲ್ಲಿ ಏನೇನು ಮಾಡಿದಿರಿ? ಮನೆಯ ಮಾತು ಬಳಸಬಹುದು.’ ಇಪ್ಪತ್ತಮೂರು ಹಾಳೆಗಳು ಬಂದವು. ಹನ್ನೊಂದರಲ್ಲಿ ಹಂಡೆಗೆ ನೀರು ತುಂಬಿದ್ದಾರೆ.