ಓರ್ಕಾಗಳು ಎಷ್ಟು ಹೊತ್ತಿಗೆ ಬರುತ್ತವೆ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಯಾನ್ ಹುವಾನ್ ದ್ವೀಪದಲ್ಲಿ ಲೈಮ್ ಕಿಲ್ನ್ ಪಾಯಿಂಟ್ ಅಂತ ಒಂದು ಜಾಗವಿದೆ. ಅಲ್ಲಿ ಬೈನಾಕ್ಯುಲರ್ ಹಿಡಿದು ಕೂತರೆ ಸಾಕು, ಬಂದವರೆಲ್ಲ ಕೇಳುವುದು ಇದನ್ನೇ. ಓರ್ಕಾ ಅಂದರೆ ಕಿಲ್ಲರ್ ವೇಲ್ ಅಂತಲೂ ಕರೆಯುವ, ಕಪ್ಪು-ಬಿಳುಪು ಬಣ್ಣದ ದೊಡ್ಡ ಕಡಲ ಪ್ರಾಣಿ. ಅವಕ್ಕೆ ಇಂಥ ಟೈಮ್ ಅಂತಿಲ್ಲ. ಊಟ ಎಲ್ಲಿದೆಯೋ ಅಲ್ಲಿಗೆ ಅವು ಹೋಗುತ್ತವೆ.

ಇಲ್ಲಿ ಮುಖ್ಯವಾಗಿ ಕಾಣುವುದು ಎರಡು ಬಗೆ. ಜೆ, ಕೆ, ಎಲ್ ಎಂಬ ಮೂರು ಗುಂಪುಗಳು ಮೀನು ತಿನ್ನುವಂಥವು, ಅದರಲ್ಲೂ ಚಿನೂಕ್ ಸಾಲ್ಮನ್ ಅಂದರೆ ಅವಕ್ಕೆ ಪ್ರಾಣ. ಬೇಸಿಗೆಯಲ್ಲಿ ಮೊಟ್ಟೆ ಇಡಲು ಫ್ರೇಸರ್ ನದಿಗೆ ಹೊರಟ ಮೀನುಗಳ ಹಿಂದೆ ಇವೂ ಬರುತ್ತವೆ. ಆ ನದಿಯ ಚಿನೂಕ್ ಕಡಿಮೆಯಾದ ಮೇಲೆ ಇವು ಇತ್ತ ಬರುವುದೂ ಕಡಿಮೆಯಾಗಿದೆ. ಇನ್ನೊಂದು ಬಗೆ ಸೀಲ್‌ಗಳನ್ನು ಹಿಡಿದು ತಿನ್ನುತ್ತದೆ. ಸೀಲ್‌ಗಳ ಕಿವಿ ಬಹಳ ಚುರುಕು. ಅದಕ್ಕೇ ಈ ಓರ್ಕಾಗಳು ಬೇಟೆಯಾಡುವಾಗ ದನಿಯೇ ಎತ್ತುವುದಿಲ್ಲ. ನೀರೊಳಗೆ ಇಳಿಬಿಟ್ಟ ಹೈಡ್ರೋಫೋನ್ ಎಂಬ ಮೈಕ್‌ನಲ್ಲಿ ಏನೂ ಕೇಳಿಸದಿದ್ದರೂ ದಡದ ಪಕ್ಕದಲ್ಲೇ ಹಾದುಹೋಗುತ್ತಿರಬಹುದು!

ಬಂದ ಮೇಲೆ ಏನು ನೋಡಬೇಕು ಅನ್ನುವುದು ನನಗೆ ಇನ್ನೂ ಇಷ್ಟದ ಪ್ರಶ್ನೆ. ಎಲ್ಲವೂ ಒಂದೇ ದಿಕ್ಕಿಗೆ ಬಿರುಸಾಗಿ ಸಾಗುತ್ತಿದ್ದರೆ ಅದು ಪ್ರಯಾಣ. ಚದುರಿಹೋಗಿ, ಒಂದು ಥಟ್ಟನೆ ತಿರುಗಿ ಮುಳುಗಿತು ಅಂದರೆ ಮೀನಿನ ಹಿಂದೆ ಬಿದ್ದಿದೆ. ಎಷ್ಟೋ ಸಲ ಹಿಡಿದ ಮೀನನ್ನು ಮನೆಯವರ ಜೊತೆ ಹಂಚಿಕೊಂಡು ತಿನ್ನುತ್ತವೆ. ನಿದ್ದೆಯ ಹೊತ್ತಿನಲ್ಲಿ ಪಕ್ಕಪಕ್ಕ ಸಾಲಾಗಿ ಸೇರಿ, ನಿಧಾನವಾಗಿ ತೇಲುತ್ತಾ, ಒಟ್ಟಿಗೇ ಮೇಲೆ ಬಂದು ಉಸಿರು ಬಿಡುತ್ತವೆ. ಅಷ್ಟೂ ಉಸಿರು ಒಮ್ಮೆಗೇ "ಫೂ" ಅಂತ ಕೇಳುತ್ತದೆ. ಬೆನ್ನಿನ ರೆಕ್ಕೆಯ ಕಚ್ಚುಗಳನ್ನೂ ಅದರ ಹಿಂದಿನ ಬೂದು ಮಚ್ಚೆಯನ್ನೂ ನೋಡಿ ಒಂದೊಂದನ್ನೂ ಗುರುತಿಸಬಹುದು. 1970ರ ದಶಕದಲ್ಲಿ ಕೆನಡಾದ ವಿಜ್ಞಾನಿ ಮೈಕಲ್ ಬಿಗ್ ಫೋಟೋಗಳಿಂದಲೇ ಇದನ್ನು ತೋರಿಸಿಕೊಟ್ಟರು. ಯಾವುದು ಯಾವಾಗ ಎಲ್ಲಿತ್ತು ಅಂತ ಇವತ್ತು ಹೇಳಲು ಆಗುವುದು ಅದರಿಂದಲೇ.

"ದೋಣಿಯಲ್ಲಿ ಹೋದರೆ ಇನ್ನೂ ಹತ್ತಿರ ಕಾಣುತ್ತವೆ ಅಲ್ವಾ?" ಅಂತಲೂ ಕೇಳುತ್ತಾರೆ. ದಯವಿಟ್ಟು ದಡದಲ್ಲೇ ಇರಿ. ಮೀನು ತಿನ್ನುವ ಈ ಓರ್ಕಾಗಳು ಈಗ 80ಕ್ಕಿಂತ ಕಡಿಮೆ ಉಳಿದಿವೆ. ಟಿಕ್ ಟಿಕ್ ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿ ಅವು ಮೀನು ಹುಡುಕುತ್ತವೆ. ಎಂಜಿನ್ ಗದ್ದಲದಲ್ಲಿ ಅದು ಕೇಳಿಸಬೇಕಾದರೂ ಹೇಗೆ? ಮೊದಲೇ ಮೀನು ಕಡಿಮೆ. 2025ರಿಂದ ವಾಷಿಂಗ್ಟನ್‌ನಲ್ಲಿ ದೋಣಿಗಳು ಇವುಗಳಿಂದ 1000 ಗಜ ದೂರ ಇರಬೇಕೆಂಬ ನಿಯಮವಿದೆ. ಅದು ಜಾಸ್ತಿ ಆಯಿತು ಅನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಲೈಮ್ ಕಿಲ್ನ್‌ನಲ್ಲಿ ದಡದ ಬುಡದಲ್ಲೇ ನೀರು ಆಳವಿದೆ. ಇಡೀ ದಿನ ಬಿಡುವು ಮಾಡಿಕೊಂಡು ಬನ್ನಿ, ಅವು ಬಂದರೆ ಬಂಡೆ ಮೇಲೆ ಕೂತೇ ನೋಡಬಹುದು.